ಗೃಹಸ್ಥನ ಅಹಿಂಸೆಯೂ ಮನೆಯ ಜೇಡವೂ
(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಪಂಚಕಲ್ಯಾಣದ ನಿಮಿತ್ತ ನಾವೆಲ್ಲರೂ ಮನೆಗಳಿಗೆ ಸುಣ್ಣ ಬಳಿಸಿದ್ದೇವೆ. ಜೇಡರ ಬಲೆಗಳನ್ನು ತೆಗೆಸಿದ್ದೇವೆ. ನಾನು ಪಂಡಿತನಲ್ಲ, ವ್ಯಾಪಾರಸ್ಥ. ಆದುದರಿಂದ ಆ ಪೊರಕೆಯ ವಿಷಯವಾಗಿಯೇ ಎರಡು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಕಳೆದ ತಿಂಗಳು ನಮ್ಮ ಉಗ್ರಾಣವನ್ನು ಗುಡಿಸುವಾಗ ಚೀಲಗಳ ಹಿಂದಿನಿಂದ ಅಂಗೈಯಗಲದ ಜೇಡವೊಂದು ಗೋಡೆಯೇರಿತು. ಆಳು ಪೊರಕೆಯೆತ್ತಿದನು. ‘ಹೊಡೆ’ ಎಂದವನು ನಾನೇ. ಸತ್ತು ಬಿದ್ದ ಜೇಡದ ಹೊಟ್ಟೆಯಡಿಯಲ್ಲಿ ನಾಣ್ಯದಂತಹ ಬಿಳಿಯ ಬಿಲ್ಲೆಯಿತ್ತು. ಅದು ಮೊಟ್ಟೆಗಳ ಚೀಲವೆಂದು ಆಮೇಲೆ ತಿಳಿಯಿತು. ಈ ಜಾತಿಯ ತಾಯಿಯು ನೂರಾರು ಮೊಟ್ಟೆಗಳನ್ನು ಹೀಗೆ ಹೊತ್ತುಕೊಂಡೇ ತಿರುಗುತ್ತದೆ. ಬಲೆ ಹೆಣೆಯದೆ, ಜಿರಲೆಗಳನ್ನು ಬೆನ್ನಟ್ಟಿ ಹಿಡಿದು ಬದುಕುತ್ತದೆ. ಅಂದು ಸಂಜೆ ಸಾಮಾಯಿಕಕ್ಕೆ ಕುಳಿತರೆ ಮನಸ್ಸು ನಿಲ್ಲಲಿಲ್ಲ.

ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ಹಿಂಸೆಯು ನಾಲ್ಕು ವಿಧ. ಮನೆಗೆಲಸ, ಜೀವನೋಪಾಯ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ಹಿಂಸೆಯು ಪೂರ್ಣವಾಗಿ ತಪ್ಪದು. ತ್ರಸಜೀವಿಗಳ ಸಂಕಲ್ಪಿ ಹಿಂಸೆಯನ್ನಾದರೋ ಅಣುವ್ರತಿಯು ಬಿಡಲೇಬೇಕು. ಗುಡಿಸುವುದು ಆರಂಭ, ‘ಹೊಡೆ’ ಎಂದುದು ಸಂಕಲ್ಪ. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಿಂದಲೂ ಕರ್ಮವು ಬಂಧವಾಗುವಾಗ, ಪೊರಕೆ ಆಳಿನ ಕೈಯಲ್ಲಿತ್ತೆಂದು ನನ್ನ ಖಾತೆಯಿಂದ ಅದನ್ನು ಕಳೆಯುವಂತಿಲ್ಲ.

‘ಜೇಡವೂ ನೊಣವನ್ನು ಕೊಲ್ಲುವುದಲ್ಲವೇ?’ ಎಂದು ಮಿತ್ರರೊಬ್ಬರು ಕೇಳಿದರು. ನಿಜ. ಅದಕ್ಕೆ ವ್ರತವಿಲ್ಲ, ವಿವೇಕವಿಲ್ಲ. ಇವೆರಡೂ ದೊರೆತಿರುವುದು ಮನುಷ್ಯಜನ್ಮಕ್ಕೆ. ನಮ್ಮ ಮನೆಗಳಲ್ಲಿ ಕಾಣುವ ಜೇಡಗಳು ಸಾಮಾನ್ಯವಾಗಿ ನಮ್ಮನ್ನು ಕಂಡರೆ ಓಡುವಂಥವೇ ಹೊರತು ಮೇಲೆ ಬೀಳುವಂಥವಲ್ಲ.

ಹಾಗೆಂದು ಮನೆಯಲ್ಲಿ ಬಲೆಗಳು ತುಂಬಲೆಂದು ನಾನು ಹೇಳುತ್ತಿಲ್ಲ. ವಾರಕ್ಕೊಮ್ಮೆ ಮೂಲೆಗಳನ್ನು ನೋಡಿ ಗುಡಿಸಿದರೆ ಅಲ್ಲಿ ಮೊಟ್ಟೆಯಿಡುವ ಸಂದರ್ಭವೇ ಕಡಿಮೆ. ದೀಪಕ್ಕೆ ಹುಳುಗಳು, ಹುಳುಗಳಿಗೆ ಜೇಡಗಳು ಬರುತ್ತವೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಅಡಿಗೆಮನೆಯ ದೀಪವಾರಿಸುವ ನಮ್ಮ ಹಿರಿಯರ ನಿಯಮದಲ್ಲಿ ಈ ಪ್ರಯೋಜನವೂ ಉಂಟು. ಆದರೂ ಬಂದ ಜೇಡದ ಮೇಲೆ ಲೋಟವನ್ನು ಮೆಲ್ಲನೆ ಬೋರಲು ಹಾಕಿ, ಅಡಿಗೆ ರಟ್ಟು ಸರಿಸಿ, ಹೊರಗಿನ ನೆರಳಿನಲ್ಲಿ ಬಿಟ್ಟುಬನ್ನಿ. ಈಗ ನಮ್ಮ ಅಂಗಡಿಯಲ್ಲಿ ತಕ್ಕಡಿಯ ಪಕ್ಕದಲ್ಲಿಯೇ ಲೋಟ, ರಟ್ಟುಗಳಿವೆ. ಆ ಆಳೇ ಅವನ್ನು ಬಳಸುತ್ತಾನೆ.

ಮುನಿಗಳು ಕುಳಿತುಕೊಳ್ಳುವ ಮುನ್ನ ಮಯೂರಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುವುದನ್ನು ಈ ದಿನಗಳಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಅದರ ಲೇಶವಾದರೂ ನಮ್ಮ ಪೊರಕೆಗಳಿಗೆ ಬರಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.

ಜೈ ಜಿನೇಂದ್ರ.