ಫಟಫಟಿಯ ದೋಷಪ್ರಕರಣ

(ಬಾನುಲಿ ಭಾಷಣ)



ಕಲಬುರಗಿಯಿಂದ ಸೇಡಮ್ಮಿಗೆ ಹೋಗುವವರು ಮಳಖೇಡದ ಬಳಿ ಕಾಗಿಣಾ ನದಿಯನ್ನು ದಾಟುತ್ತಾರೆ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಇದೇ. ಇಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಕವಿರಾಜಮಾರ್ಗ ರಚಿತವಾಯಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಅದರ ಮೊದಲನೆಯ ಪರಿಚ್ಛೇದಕ್ಕೆ ದೋಷಾದೋಷಾನುವರ್ಣನ ನಿರ್ಣಯವೆಂದು ಹೆಸರು. ಕನ್ನಡವು ಗ್ರಂಥರೂಪದಲ್ಲಿ ಬಾಯಿ ತೆರೆದದ್ದೇ ತಪ್ಪುಗಳ ಮಾತೆತ್ತಿ ಎಂದರೆ ಅತಿಶಯೋಕ್ತಿಯಾಗಲಾರದು. ಆ ಸೇತುವೆಯ ಮೇಲೆ ನಾಲ್ಕು ದಶಕಗಳಿಂದ ಮೋಟಾರ್ ಸೈಕಲ್ಲಿನಲ್ಲಿ ಓಡಾಡಿರುವ ಕನ್ನಡ ಮಾಸ್ತರನಾದ ನಾನು ಇಂದು ದೋಷಪ್ರಕರಣವೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ಶ್ರುತಿಕಷ್ಟವೂ ಇಲ್ಲ, ಯತಿಭಂಗವೂ ಇಲ್ಲ. ಇರುವುದೆಲ್ಲ ಕಾಲುಭಂಗ, ಕೈಭಂಗ ಮತ್ತು ಮಾನಭಂಗ.

ನಮ್ಮ ಕಡೆ ಮೋಟಾರ್ ಸೈಕಲ್ಲಿಗೆ ಹಿರಿಯರು ಇಟ್ಟ ಹೆಸರು ಫಟಫಟಿ. ನಾನು 1982ರಲ್ಲಿ ಕಾಳಗಿಗೆ ಬಂದಾಗ ಅದು ಚಿತ್ತಾಪುರ ತಾಲ್ಲೂಕಿಗೆ ಸೇರಿದ ಊರು. ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಬಸ್ಸುಗಳು ಆಗ ವಿರಳವಾಗಿದ್ದವು. ಕೈಗಡ ತೆಗೆದು ಒಂದು ಯೆಜ್ಡಿ ಕೊಂಡೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ತಯಾರಾಗುತ್ತಿದ್ದ ಗಾಡಿ ಅದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನ ಗಾಡಿ ಮಾತ್ರ ಇನ್ನೂ ಮುಚ್ಚಿಲ್ಲ.

ಮೊದಲ ತಪ್ಪು ಪೆಟ್ರೋಲಿನ ಕಾಕಿನದು. ರಾತ್ರಿ ಗಾಡಿ ನಿಲ್ಲಿಸಿದಾಗ ಕಾಕ್ ಮುಚ್ಚಬೇಕು, ಬೆಳಿಗ್ಗೆ ತೆರೆಯಬೇಕು. ಮುಚ್ಚುವುದು ನೆನಪಿರುತ್ತದೆ, ತೆರೆಯುವುದು ಮರೆಯುತ್ತದೆ. ಇದರಲ್ಲಿರುವ ಕುಚೋದ್ಯವೇನೆಂದರೆ, ಕಾಕ್ ಮುಚ್ಚಿದ್ದರೂ ಗಾಡಿ ಶುರುವಾಗುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಒಂದಿಷ್ಟು ಪೆಟ್ರೋಲು ನಮ್ಮನ್ನು ಊರ ಹೊರಗೆ, ನೆರಳಿಲ್ಲದ ಜಾಗದವರೆಗೆ ತಪ್ಪದೆ ಒಯ್ದು ಬಿಡುತ್ತದೆ. ಅಂಥ ಒಂದು ಬೆಳಿಗ್ಗೆ ನಾನು ಪ್ಲಗ್ಗು ಬಿಚ್ಚಿದೆ, ಬೆರಳು ಸುಟ್ಟುಕೊಂಡೆ. ಕಾರ್ಬುರೇಟರು ಬಿಚ್ಚಿ ಜೆಟ್ಟಿಗೆ ಬಾಯಿಂದ ಊದಿದೆ. ಪಕ್ಕದ ತೊಗರಿ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ ರೈತ ಬಹಳ ಹೊತ್ತು ನೋಡಿ, ಎತ್ತುಗಳನ್ನು ನಿಲ್ಲಿಸಿ ಬಂದು, “ಮಾಸ್ತರ, ಪೆಟ್ರೋಲಿನ ನಳ ತೆರದೀರೇನು ನೋಡ್ರಿ” ಎಂದ. ನಾನು ನೋಡಿದೆ. ಆತ ನನ್ನ ಮುಖ ನೋಡಲಿಲ್ಲ. ಅದು ಆತನ ದೊಡ್ಡತನ.

ಯೆಜ್ಡಿಯ ಮತ್ತೊಂದು ವಿಶೇಷವೆಂದರೆ ಕಿಕ್ಕು ಹೊಡೆಯುವ ಸಲಾಕೆಯೂ ಗೇರು ಹಾಕುವ ಸಲಾಕೆಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಕೆಳಕ್ಕೆ ತಂದರೆ ಗೇರು. ಗೊತ್ತಿಲ್ಲದವರು ಗಾಡಿಯ ಸುತ್ತ ಕಿಕ್ಕನ್ನು ಹುಡುಕುತ್ತ ಪ್ರದಕ್ಷಿಣೆ ಹಾಕುವುದನ್ನು ನೋಡಿ ನಾನು ನಕ್ಕಿದ್ದೇನೆ. ನಕ್ಕವನಿಗೆ ತಕ್ಕ ಶಾಸ್ತಿ ಬೇಗನೆ ಆಯಿತು. ಸಹೋದ್ಯೋಗಿಯೊಬ್ಬರ ಎನ್‌ಫೀಲ್ಡ್ ಬುಲೆಟ್ಟನ್ನು ಒಂದು ದಿನದ ಮಟ್ಟಿಗೆ ಪಡೆದು ಶಹಾಬಾದಿಗೆ ಹೊರಟೆ. ಯೆಜ್ಡಿಯಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಆ ಕಾಲದ ಬುಲೆಟ್ಟಿನಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ತಿಳಿದೇ ಹತ್ತಿದ್ದೆ; ಆದರೆ ತಿಳಿವಳಿಕೆ ಇರುವುದು ತಲೆಯಲ್ಲಿ, ಅಭ್ಯಾಸವಿರುವುದು ಕಾಲಿನಲ್ಲಿ. ಎದುರಿಗೆ ಎಮ್ಮೆ ಬಂದಾಗ ಆಜ್ಞೆ ಹೊರಟಿದ್ದು ಕಾಲಿನಿಂದ. ಬಲಗಾಲು ಒತ್ತಿದೆ. ಆ ಗಾಡಿಯಲ್ಲಿ ಮೊದಲ ಗೇರು ಮೇಲಕ್ಕೆ, ಉಳಿದವು ಕೆಳಕ್ಕೆ. ಹೀಗಾಗಿ ನಿಲ್ಲಲೆಂದು ಒತ್ತಿದ ನನಗೆ ಮೇಲಿನ ಗೇರು ಪ್ರಾಪ್ತವಾಯಿತು. ಎಮ್ಮೆ ಬುದ್ಧಿವಂತಿಕೆಯಿಂದ ಸರಿಯಿತು. ರಸ್ತೆಯ ಬದಿಗೆ ಒಟ್ಟಿದ್ದ ಶಹಾಬಾದಿ ಫರಸಿಗಳು ಸರಿಯಲಿಲ್ಲ. ಅಮೆರಿಕದವರು ಈ ಗೊಂದಲಕ್ಕೆ 1974ರಲ್ಲಿಯೇ ಕೊನೆ ಹಾಡಿ, ಗೇರು ಎಡಗಾಲಿಗೇ ಇರತಕ್ಕದ್ದೆಂದು ನಿಯಮ ಮಾಡಿದ್ದರೆಂಬುದನ್ನು ನಾನು ಓದಿದ್ದು ಮೊಣಕಾಲಿನ ಗಾಯ ಮಾಯ್ದ ಎಷ್ಟೋ ವರ್ಷಗಳ ಮೇಲೆ.

ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರಿನಷ್ಟು. ಪಿಸ್ಟನ್ನು ಸಿಲಿಂಡರಿನೊಳಗೆ ಜಾರುವುದು ಆ ಎಣ್ಣೆಯ ಆಸರೆಯಿಂದಲೇ. ಮಾತಿನ ಭರದಲ್ಲಿ ಬರಿಯ ಪೆಟ್ರೋಲು ತುಂಬಿಸಿಕೊಂಡು ಹೊರಟರೆ ಪಿಸ್ಟನ್ನು ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಗಾಲಿ ಓಡುತ್ತಿರುವಾಗಲೇ ಸ್ತಂಭೀಭೂತವಾಗುತ್ತದೆ. ಆ ಕ್ಷಣದಲ್ಲಿ ಕ್ಲಚ್ಚು ಹಿಡಿದವನು ಉಳಿದ. ಆಮೇಲೆ 1985ರಲ್ಲಿ ಹೀರೊ ಹೊಂಡಾ ಬಂದಿತು. ನಾಲ್ಕು ಸ್ಟ್ರೋಕಿನದು, ಎಣ್ಣೆ ಬೆರೆಸುವ ರಗಳೆಯಿಲ್ಲ. ಪೆಟ್ರೋಲು ತುಂಬಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂದು ಜಾಹೀರಾತು ಸಾರಿತು. ನಮ್ಮ ಜನ ಇದರಲ್ಲಿ ಮರೆಯುವ ಭಾಗವನ್ನು ಶ್ರದ್ಧೆಯಿಂದ ಪಾಲಿಸಿದರು. ಇಂಜಿನ್ನಿನ ಕೆಳಗೆ ಪ್ರತ್ಯೇಕವಾಗಿ ಎಣ್ಣೆಯಿದೆಯೆಂಬುದನ್ನೂ ಅದನ್ನು ಕಾಲಕಾಲಕ್ಕೆ ಬದಲಿಸಬೇಕೆಂಬುದನ್ನೂ ಮರೆತರು. ಇನ್ನು ಮನೆಯಲ್ಲಿಯೇ ಬದಲಿಸುವ ಉತ್ಸಾಹಿಗಳು ಹಳೆಯ ಎಣ್ಣೆಯನ್ನು ಇಳಿಸಿ, ಚಹಾ ಬಂತೆಂದು ಎದ್ದು ಹೋಗಿ, ಹೊಸ ಎಣ್ಣೆ ಸುರಿಯದೆಯೇ ಕಿಕ್ಕು ಹೊಡೆದದ್ದುಂಟು. ಇಳಿಸುವ ಬೋಲ್ಟನ್ನು ಬಿಗಿ ಮಾಡುವಾಗ ಉದ್ದನೆಯ ಪಾನಾ ಹಿಡಿದು ಸ್ವಂತ ಬಲವನ್ನು ಪರೀಕ್ಷಿಸಿಕೊಂಡು, ಅಲ್ಯೂಮಿನಿಯಮ್ಮಿನ ಮರೆಯನ್ನೇ ಹರಿದುಹಾಕಿದವರೂ ಉಂಟು.

ನಮ್ಮ ಸೀಮೆಗೇ ವಿಶಿಷ್ಟವಾದ ತಪ್ಪುಗಳು ಎರಡು ಮೂರಿವೆ. ವಾಡಿ, ಶಹಾಬಾದ, ಸೇಡಂ ಸುತ್ತಿನ ನೆಲ ಸುಣ್ಣದ ಕಲ್ಲಿನದು. ಗಣಿಗಳು, ಸಿಮೆಂಟಿನ ಕಾರ್ಖಾನೆಗಳು, ಲಾರಿಗಳು. ಬೇಸಿಗೆಯಲ್ಲಿ ರಸ್ತೆಯ ಮೇಲೆ ಬಿಳಿಯ ಧೂಳಿನ ಪರದೆ. ಇಂಥಲ್ಲಿ ಗಾಳಿಯ ಫಿಲ್ಟರನ್ನು ತೆಗೆದು ಬಿಸಾಡಿದರೆ ಗಾಡಿ ಹಗುರಾಗಿ ಉಸಿರಾಡುತ್ತದೆ, ಓಟ ಹೆಚ್ಚುತ್ತದೆ ಎಂಬ ಒಂದು ಶಾಸ್ತ್ರ ಹುಡುಗರಲ್ಲಿ ಪ್ರಚಾರದಲ್ಲಿತ್ತು. ಉಸಿರಾಡುವುದು ನಿಜ. ಉಸಿರಿನೊಡನೆ ಒಳಹೋದ ಕಲ್ಲಿನ ಪುಡಿ ಸಿಲಿಂಡರನ್ನು ಉಜ್ಜುಕಾಗದದಂತೆ ಸವೆಸಿ, ಒಂದೆರಡು ವರ್ಷದೊಳಗೆ ಹೊಗೆಯಾಗಿ ಹೊರಬರುವುದೂ ಅಷ್ಟೇ ನಿಜ.

ಮಳೆಗಾಲದಲ್ಲಿ ಧೂಳಿನ ಸ್ಥಾನವನ್ನು ಎರೆಮಣ್ಣು ವಹಿಸಿಕೊಳ್ಳುತ್ತದೆ. ಹೊಲದ ಹಾದಿಯಲ್ಲಿ ನೂರು ಮಾರು ಹೋಗುವುದರೊಳಗೆ ಗಾಲಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗದಾಗುತ್ತದೆ. ಎತ್ತಿನ ಗಾಡಿಯವನಿಗೆ ಇದು ಗೊತ್ತು. ಆತ ಇಳಿದು ಕೋಲಿನಿಂದ ಮಣ್ಣು ಕೆದರುತ್ತಾನೆ. ಫಟಫಟಿಯವನು ಇಳಿಯುವುದಿಲ್ಲ; ಕಿವಿ ಹಿಂಡುತ್ತಾನೆ. ಗಾಲಿ ತಿರುಗದಿದ್ದರೂ ಇಂಜಿನ್ನು ತಿರುಗುತ್ತದೆ, ನಡುವೆ ಕ್ಲಚ್ಚಿನ ಪ್ಲೇಟುಗಳು ಸುಟ್ಟು ವಾಸನೆ ಬರುತ್ತದೆ. ಹೊಳೆ ಬಂದಾಗಲೂ ಇದೇ ಅವಸರ. ಕಾಗಿಣೆಯ ನೀರು ಸೇತುವೆಯ ಮೇಲೆ ಹರಿಯುವಾಗ ನುಗ್ಗುವುದು ಜೀವಕ್ಕೇ ಅಪಾಯ. ಹಳ್ಳದ ನೀರಿನಲ್ಲಿ ಗಾಡಿ ಮುಳುಗಿ, ಪುಣ್ಯಕ್ಕೆ ದಡ ಸೇರಿದ ಮೇಲೂ ಒಂದು ತಪ್ಪು ಕಾದಿರುತ್ತದೆ. ಕೂಡಲೇ ಶುರು ಮಾಡಲು ಹೋಗುವುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನಿನ ಕೆಳಗಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಮೊದಲು ಪ್ಲಗ್ಗು ಬಿಚ್ಚಿ ನೀರು ಹೊರಹಾಕುವಷ್ಟು ತಾಳ್ಮೆ, ಒದ್ದೆ ಬಟ್ಟೆಯಲ್ಲಿ ನಡುಗುತ್ತಿರುವವನಿಗೆ ಎಲ್ಲಿಂದ ಬರಬೇಕು?

ದಸರೆಯ ಆಯುಧಪೂಜೆಯ ದಿನ ಗಾಡಿಯನ್ನು ತೊಳೆದು, ಟಯರು ಕರ್ರಗೆ ಹೊಳೆಯಲೆಂದು ಎಣ್ಣೆ ಸವರಿ, ಮಾಲೆ ಹಾಕಿ, ಅದೇ ಟಯರಿನ ಮೇಲೆ ರೇವಗ್ಗಿಯ ಗುಡ್ಡದ ರೇವಣಸಿದ್ಧೇಶ್ವರನ ದರ್ಶನಕ್ಕೆ ಹೊರಟು ಮೊದಲ ತಿರುವಿನಲ್ಲಿಯೇ ಸಾಷ್ಟಾಂಗ ಹಾಕಿದ ಭಕ್ತರನ್ನು ನಾನು ಬಲ್ಲೆ. ಈಗಿನ ಡಿಸ್ಕ್ ಬ್ರೇಕು ಕಿರುಗುಟ್ಟುತ್ತದೆಂದು ಅದಕ್ಕೆ ಎಣ್ಣೆ ಬಿಟ್ಟ ಮಹನೀಯರೊಬ್ಬರೂ ನೆನಪಾಗುತ್ತಾರೆ. ಕಿರುಗುಟ್ಟುವುದು ನಿಂತಿತು, ಗಾಡಿ ನಿಲ್ಲಲಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮ ಜನರ ಒಂದು ಗುಣವನ್ನು ಹೇಳದಿದ್ದರೆ ಅನ್ಯಾಯವಾದೀತು. ಬದಿಯ ಸ್ಟ್ಯಾಂಡು ತೆಗೆಯದೆ ಹೊರಟರೆ ಎಡಕ್ಕೆ ಬಾಗಿದಾಗ ಅದು ನೆಲಕ್ಕೆ ತಾಗಿ ಎತ್ತಿ ಒಗೆಯುತ್ತದೆ. ಆದರೆ ಕಾಳಗಿಯ ಪೇಟೆಯಲ್ಲಿ ಸ್ಟ್ಯಾಂಡು ಇಳಿಬಿಟ್ಟುಕೊಂಡು ಯಾವನೂ ಇಪ್ಪತ್ತು ಮಾರು ಹೋಗಲಾರ. ಪಾನಿನ ಅಂಗಡಿಯವರು, ಶಾಲೆಯ ಹುಡುಗರು, ಸೊಪ್ಪು ಮಾರುವ ಅಜ್ಜಿ, ಎಲ್ಲರೂ “ಸ್ಟ್ಯಾಂಡ್! ಸ್ಟ್ಯಾಂಡ್!” ಎಂದು ಕೂಗಿಯೇ ತೀರುತ್ತಾರೆ. ಜಗಳವಾಡಿ ಮಾತು ಬಿಟ್ಟವನೂ ಕೂಗುತ್ತಾನೆ. 2017ರಿಂದ ಹೊಸ ಗಾಡಿಗಳಲ್ಲಿ ಹಗಲೂ ಮುಂದಿನ ದೀಪ ತಾನಾಗಿಯೇ ಉರಿಯುವಂತೆ ನಿಯಮವಾಯಿತಲ್ಲ, ಆಗ ಈ ಪರೋಪಕಾರಿಗಳಿಗೆ ಬಹಳ ದುಡಿಮೆಯಾಯಿತು. ಎದುರು ಬಂದವರೆಲ್ಲ ಬೆರಳುಗಳನ್ನು ಮುಚ್ಚಿ ಬಿಚ್ಚಿ ದೀಪ ಉರಿಯುತ್ತಿದೆಯೆಂದು ಸನ್ನೆ ಮಾಡುವರು. ಆರಿಸಲು ಬರುವುದಿಲ್ಲವೆಂದು ಓಡುವ ಗಾಡಿಯಿಂದ ವಿವರಿಸುವುದು ಹೇಗೆ?

ಆದರೆ ಕೂಗಿ ಹೇಳುವಷ್ಟು ವ್ಯವಧಾನ ಕೊಡದ ತಪ್ಪುಗಳೂ ಇವೆ. ಒಂದು, ಹಿಂದೆ ಕುಳಿತವರ ಸೆರಗು. ಹಿಂದಿನ ಗಾಲಿಯ ಅರ್ಧ ಭಾಗವನ್ನಾದರೂ ಮುಚ್ಚುವ ತಡೆ, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಜಾಗ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸೀರೆಯೋ ಓಢಣಿಯೋ ಗಾಲಿಗೆ ಸಿಕ್ಕದಿರಲೆಂಬುದೇ ಆ ತಡೆಯ ಉದ್ದೇಶ. ಹೊಸ ಗಾಡಿ ತಂದ ಹುಡುಗರು ಮೊದಲು ಕಳಚುವುದು ಅದನ್ನೇ, ಅಂದ ಕೆಡಿಸುತ್ತದೆಂದು. ತೆಗೆಯುವಾಗ ಅವರ ಕಣ್ಣ ಮುಂದೆ ಇರುವುದು ಗಾಡಿ. ಹಿಂದೆ ಕೂರಬೇಕಾದ ಅವ್ವ ಇರುವುದಿಲ್ಲ. ಅಡ್ಡ ಕುಳಿತು, ಮಡಿಲಲ್ಲಿ ಮಗುವನ್ನೋ ಕಾಯಿಪಲ್ಯದ ಚೀಲವನ್ನೋ ಹಿಡಿದವಳಿಗೆ ಸೆರಗು ಜಾರಿದ್ದು ತಿಳಿಯುವಷ್ಟರಲ್ಲಿ ಗಾಲಿ ಅದನ್ನು ಸುತ್ತಿಕೊಂಡಿರುತ್ತದೆ. ನಮ್ಮ ಓಣಿಯಲ್ಲಿ ಅಂಥದೊಂದು ಮನೆಯಿದೆ. ಆ ಮನೆಯ ಮುಂದೆ ಇಂದಿಗೂ ಗಾಡಿ ನಿಲ್ಲುವುದಿಲ್ಲ. ಹೆಚ್ಚು ಹೇಳಲಾರೆ.

ಇನ್ನೊಂದು, ಚೈನಿನದು. ಚೈನು ಬಿಗಿ ಮಾಡುವುದರಲ್ಲಿಯೇ ಸಣ್ಣ ತಪ್ಪುಗಳು ಹಲವು. ನಡುವಿನ ಸ್ಟ್ಯಾಂಡಿನ ಮೇಲೆ ಗಾಡಿ ಬರಿದಾಗಿ ನಿಂತಿರುವಾಗ ತಂತಿಯಂತೆ ಬಿಗಿದು ಮೆಚ್ಚಿಕೊಳ್ಳುತ್ತೇವೆ. ಇಬ್ಬರು ಕುಳಿತಾಗ ಹಿಂದಿನ ಗಾಲಿ ಮೇಲಕ್ಕೆ ಸರಿದು ಚೈನು ಇನ್ನಷ್ಟು ಎಳೆಯಲ್ಪಡುತ್ತದೆಂಬುದು ಹೊಳೆಯುವುದಿಲ್ಲ. ಎರಡು ಬೆರಳು ಆಡುವಷ್ಟು ಸಡಿಲಬೇಕು. ಚೈನಿನ ಕೊಂಡಿಯ ಲಾಕು ಮೀನಿನ ಆಕಾರದ್ದು. ಮೀನು ಮುಂದಕ್ಕೆ ಈಜುವಂತಿರಬೇಕು, ಸೀಳಿದ ಬಾಲ ಹಿಂದಾಗಬೇಕು. ತಿರುವುಮುರುವಾಗಿ ಹಾಕಿದರೆ ಒಂದು ದಿನ ದಾರಿಯಲ್ಲಿ ಲಾಕು ಕಳಚುತ್ತದೆ. ಇವೆಲ್ಲ ದುಡ್ಡಿನಲ್ಲಿ ತೀರುವ ತಪ್ಪುಗಳು. ತೀರದ್ದೆಂದರೆ, ಇಂಜಿನ್ನು ಓಡಿಸಿ, ಗೇರು ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದು. ಚೈನು ತಾನೇ ಬರುತ್ತದೆ, ಕೈ ಸುಮ್ಮನೆ ಹಿಡಿದರಾಯಿತು, ಎಷ್ಟು ಸುಲಭ! ನಾನೂ ವರ್ಷಗಳ ಕಾಲ ಹಾಗೆಯೇ ಮಾಡಿದೆ.

ನನ್ನ ವಿದ್ಯಾರ್ಥಿಯೊಬ್ಬ ರವಿವಾರಗಳಲ್ಲಿ ನಮ್ಮ ಅಂಗಳಕ್ಕೆ ಬಂದು ಗಾಡಿಯ ಕೆಲಸ ನೋಡುತ್ತ ಕೂರುತ್ತಿದ್ದ. ಪದ್ಯ ಬಾಯಿಪಾಠ ಮಾಡದವನು ಪಾನಾಗಳ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿದ್ದ. ಚೈನು ಹೀಗೆ ಒರೆಸುವುದನ್ನು ಆತ ಕಲಿತದ್ದು ನನ್ನನ್ನು ನೋಡಿಯೇ. ತನ್ನ ಕಾಕನ ಗಾಡಿಯನ್ನು ಅವರ ಮನೆಯಲ್ಲಿ ಒರೆಸುವಾಗ ಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿತು. ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಇಂಜಿನ್ನು ನಿಧಾನವಾಗಿ ಓಡುತ್ತಿದ್ದರೂ ಕೊನೆಯ ಗೇರಿನಲ್ಲಿ ಹಿಂದಿನ ಗಾಲಿ ಸೆಕೆಂಡಿಗೆ ಸುಮಾರು ಮೂರು ಸುತ್ತು ಹಾಕುತ್ತದೆ. ಅಪಾಯವೆಂದು ತಿಳಿದು ಕೈ ಎಳೆದುಕೊಳ್ಳಲು ಮನುಷ್ಯನಿಗೆ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಹೆಚ್ಚುಕಡಿಮೆ ಒಂದು ಮೊಳ ಚೈನು ಹಲ್ಲಿನ ಮೇಲೆ ಹರಿದುಹೋಗಿರುತ್ತದೆ. ಬೆರಳಿನ ಉದ್ದವೆಷ್ಟು? ಈ ಲೆಕ್ಕವನ್ನು ನಾನು ಮೊದಲೇ ಹಾಕಬಹುದಾಗಿತ್ತು. ಅದಕ್ಕೆ ಬೇಕಾದ ಗಣಿತ ಏಳನೆಯ ಇಯತ್ತೆಯದು.

ಆಸ್ಪತ್ರೆಗೆ ಹೋದಾಗ ಆತನ ತಂದೆ ನನ್ನನ್ನು ಏನೂ ಅನ್ನಲಿಲ್ಲ. “ಬರ್ರಿ ಮಾಸ್ತರ, ಕೂಡ್ರಿ” ಎಂದು ಕುರ್ಚಿ ಕೊಟ್ಟರು. ನಾನು ಕಲಿಸಿದ್ದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ತಿಳಿಯದು. ಹುಡುಗನಿಗಂತೂ ಗೊತ್ತಿತ್ತು. ಆತ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮೂವತ್ತು ವರ್ಷಗಳ ಮೇಲೆ ಮೊದಲ ಸಲ ಹೇಳುತ್ತಿರುವುದು ಇಲ್ಲಿ, ನಿಮ್ಮ ಮುಂದೆ.

ಆತ ಈಗ ಹೆಸರಾದ ಮಿಸ್ತ್ರಿ. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಚೈನಿಗೆ ಕೈ ಹಚ್ಚುವ ಮುನ್ನ ಗಾಡಿಯ ಕೀಲಿಯನ್ನು ತೆಗೆದು ತಮ್ಮ ಕಿಸೆಯಲ್ಲಿ ಹಾಕಿಕೊಳ್ಳಬೇಕು. ಅದು ಅಲ್ಲಿಯ ಕಟ್ಟಳೆ. ಈಗಿನ ಗಾಡಿಗಳಲ್ಲಿ ಕಾರ್ಬುರೇಟರಿಲ್ಲ, ಕಾಕೂ ಇಲ್ಲ, ಸ್ಟ್ಯಾಂಡು ಇಳಿದಿದ್ದರೆ ಎಷ್ಟೋ ಗಾಡಿಗಳು ಶುರುವಾಗುವುದೇ ಇಲ್ಲ. ಇಂಥವುಗಳ ನಡುವೆ ನನ್ನ ಯೆಜ್ಡಿಯನ್ನು ಕಂಡರೆ ಹುಡುಗರಿಗೆ ನಗು. ಹೋದ ತಿಂಗಳು ಗಾಡಿ ಮತ್ತೆ ಕೈಕೊಟ್ಟಿತು. ಕಿಕ್ಕು ಹೊಡೆದು ಸೋತು, ಬಿಸಿಲಲ್ಲಿ ನೂಕಿಕೊಂಡು ಆತನ ಅಂಗಡಿಯವರೆಗೆ ಒಯ್ದೆ. ಕಾರ್ಬುರೇಟರೇ ಹೋಗಿರಬೇಕೆಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡಿದ್ದೆ. ಅದನ್ನು ವಿವರವಾಗಿ ಹೇಳಿದೆ. ಆತ ಕೈಕಟ್ಟಿಕೊಂಡು ಪೂರ್ತಿ ಕೇಳಿದ, ತರಗತಿಯಲ್ಲಿ ಎಂದೂ ಕೇಳದಷ್ಟು ಗಮನದಿಂದ. ಆಮೇಲೆ ಬಾಗಿ, ಆ ಮೋಟು ಬೆರಳುಗಳಿಂದ ಟಾಕಿಯ ಕೆಳಗಿನ ಕಾಕನ್ನು ತಿರುಗಿಸಿ, “ಒಂದು ಕಿಕ್ಕು ಹೊಡೀರಿ ಸರ” ಎಂದ.