ಚೆಲುವಿನ ಕಸುಬಿಗೆ ವಿಜ್ಞಾನದ ತಳಹದಿ

ಕಾಸ್ಮೆಟಾಲಜಿ ಎಂದೊಡನೆ ನಿಮಗೆ ನೆನಪಾಗುವುದು ಹುಬ್ಬು ತೀಡುವುದು, ಫೇಶಿಯಲ್, ಮದುಮಗಳ ಅಲಂಕಾರ, ಅಲ್ಲವೇ? ಇವೆಲ್ಲ ಅದರ ಭಾಗಗಳೇ. ಆದರೆ ಚರ್ಮ, ಕೂದಲು, ಉಗುರುಗಳ ರಚನೆಯನ್ನೂ ಅವುಗಳಿಗೆ ಹಚ್ಚುವ ರಾಸಾಯನಿಕಗಳ ಗುಣವನ್ನೂ ತಿಳಿಸಿಕೊಡುವ ಶಾಸ್ತ್ರವೂ ಇದೇ.

ಕೂದಲನ್ನೇ ನೋಡಿ. ಅದು ಕೆರಾಟಿನ್ ಎಂಬ ಪ್ರೋಟೀನು. ಗಂಧಕದ ಬಂಧಗಳು ಅದಕ್ಕೆ ಬಿಗಿ ಕೊಡುತ್ತವೆ. ಪರ್ಮ್ ಮಾಡುವಾಗ ಥಯೋಗ್ಲೈಕೊಲೇಟ್ ದ್ರಾವಣ ಈ ಬಂಧಗಳನ್ನು ಬಿಡಿಸುತ್ತದೆ. ಕೂದಲು ಸುರುಳಿಯಾದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಮತ್ತೆ ಬೆಸೆಯುತ್ತದೆ. ಹೊತ್ತು ಮೀರಿದರೆ ಕೂದಲೇ ತುಂಡಾದೀತು.

ಕೂದಲಿಗೆ ಹಚ್ಚುವ ಕಪ್ಪು ಬಣ್ಣಗಳಲ್ಲಿ ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ‘ಕಪ್ಪು ಮೆಹೆಂದಿ’ ಎಂದು ಮಾರುವ ಅನೇಕ ಪುಡಿಗಳಲ್ಲೂ ಇದುಂಟು. ಕೆಲವರಿಗೆ ಇದು ಒಗ್ಗದೆ ಮುಖ ಊದಿಕೊಳ್ಳುತ್ತದೆ. ಹಿಂದೆ ಒಗ್ಗಿದ್ದು ಮುಂದೆಯೂ ಒಗ್ಗುತ್ತದೆ ಎನ್ನುವಂತಿಲ್ಲ. ಆದ್ದರಿಂದ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಬೇಕು.

ಇದಕ್ಕಿಂತ ದೊಡ್ಡ ಅಪಾಯ ಬಿಳುಪಿನ ಆಸೆಯಲ್ಲಿದೆ. ಪಾದರಸ ಚರ್ಮದಲ್ಲಿ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕೇರಳದ ವೈದ್ಯರು ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ ಒಂದು ಕಾಯಿಲೆಯ 22 ಪ್ರಕರಣಗಳನ್ನು ಕಂಡರು. ಅವುಗಳಲ್ಲಿ 15 ಅಪರೂಪದ ಬಗೆಯವು. ಆ 15 ರೋಗಿಗಳ ಪೈಕಿ 13 ಮಂದಿ ಬಿಳುಪಿನ ಕ್ರೀಮು ಬಳಸಿದವರು! ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಮುಖದ ಕ್ರೀಮಿಗೆ ಪಾದರಸ ಬೆರೆಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಆದರೂ ತಯಾರಕರ ಹೆಸರಾಗಲಿ ವಿಳಾಸವಾಗಲಿ ಇಲ್ಲದ ಡಬ್ಬಿಗಳು ಮಾರಾಟವಾಗುತ್ತಲೇ ಇವೆ.

ಅಂಥ ಡಬ್ಬಿಯನ್ನು ಗಿರಾಕಿಯೇ ತಂದುಕೊಟ್ಟರೂ ‘ಇದನ್ನು ಹಚ್ಚುವುದಿಲ್ಲ’ ಎನ್ನಲು ಪಾರ್ಲರಿನ ಹುಡುಗಿಗೆ ಧೈರ್ಯ ಬೇಕು. ಆ ಧೈರ್ಯ ತಿಳಿವಳಿಕೆಯಿಂದ ಬರುತ್ತದೆ.

ಐ.ಟಿ.ಐ.ಗಳಲ್ಲಿ ಕಾಸ್ಮೆಟಾಲಜಿ ಒಂದು ವರ್ಷದ ಟ್ರೇಡ್. ಖಾಸಗಿ ತರಬೇತಿ ಕೇಂದ್ರಗಳಂತೂ ಊರೂರಿನಲ್ಲಿವೆ. ನಿಮ್ಮ ಮಗಳನ್ನೋ ಮಗನನ್ನೋ ಸೇರಿಸುವ ಮುನ್ನ ವಿಚಾರಿಸಿ: ಚರ್ಮದ ರಚನೆ ಕಲಿಸುತ್ತಾರೆಯೇ? ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವುದನ್ನು ಹೇಳಿಕೊಡುತ್ತಾರೆಯೇ? ಬಣ್ಣ ಹಚ್ಚುವ ಮೊದಲು ಪರೀಕ್ಷೆ ಮಾಡಿಸುತ್ತಾರೆಯೇ?

ಇನ್ನೊಂದು ಮಾತು. ಈ ಕೋರ್ಸು ಮುಗಿಸಿದವರು ಚರ್ಮವೈದ್ಯರಲ್ಲ. ಬಣ್ಣ ಬದಲಾದ ಮಚ್ಚೆ, ವಾಸಿಯಾಗದ ಹುಣ್ಣು ಕಂಡರೆ ಕೈಹಾಕದೆ ವೈದ್ಯರ ಬಳಿಗೆ ಕಳಿಸಬೇಕು. ಹಾಗೆ ಕಳಿಸಬಲ್ಲವರ ಕೈಗೆ ನೀವು ನಿಶ್ಚಿಂತೆಯಿಂದ ಮುಖ ಒಡ್ಡಬಹುದು.