ಡೇರಿಯ ವಹಿಯಲ್ಲಿ ಕಲಿತ ಪಾಠ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



‘ಹುಡುಗರಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪಾ’ ಎಂದು ಸರ್ ಫೋನ್ ಮಾಡಿದ್ದರು. ನಾನು ಸೋತ ಕಥೆಯನ್ನೇ ಹೇಳುತ್ತೇನೆ.

ಇಲ್ಲಿ ಕನ್ನಡದಲ್ಲಿ ಓದಿ ಮುಂದೆ ಬಿ.ಇ. ಸೇರಿದೆ. ಸಿ ಭಾಷೆಯ ತರಗತಿಯಲ್ಲಿ ಹಲಗೆಯ ಮೇಲೆ ‘ಎಕ್ಸ್ = ಎಕ್ಸ್ + 1’ ಎಂದು ಬರೆದರು. ನನಗೆ ಗಾಬರಿ! ನಮ್ಮ ಗಣಿತದ ಸರ್ ಕಲಿಸಿದಂತೆ ಎರಡೂ ಕಡೆಯ ಎಕ್ಸ್ ಕಳೆದರೆ ಸೊನ್ನೆಯೂ ಒಂದೂ ಸಮ ಆಗುತ್ತವೆ. ಎದ್ದು ಕೇಳಲು ಇಂಗ್ಲಿಷ್ ಬರಲಿಲ್ಲ. ಬಾಯಿಪಾಠ ಮಾಡಿದೆ, ನಪಾಸಾದೆ. ಕಾಲೇಜು ಬಿಡುವುದೆಂದು ಊರಿಗೆ ಬಂದೆ.

ಆ ಸಂಜೆ ಅವ್ವ ಹಾಲಿನ ಡೇರಿಗೆ ಕಳಿಸಿದಳು. ಒಬ್ಬೊಬ್ಬರು ಹಾಲು ಹಾಕಿದಂತೆ ಹಳೆಯ ಮೊತ್ತಕ್ಕೆ ಹೊಸ ಲೀಟರ್ ಕೂಡಿಸಿ ಬರೆಯುತ್ತಿದ್ದರು. 40 ಇದ್ದದ್ದು 43 ಆಯಿತು. ನಾನು ಕ್ಯಾನು ಹಿಡಿದು ಅಲ್ಲೇ ನಿಂತೆ. ಸಿ ಭಾಷೆಯ ಆ ‘=’ ಎಂದರೆ ಸಮ ಎಂದಲ್ಲ; ‘ಬಲಗಡೆಯ ಲೆಕ್ಕ ಮಾಡಿ ಎಡಗಡೆಯ ಹೆಸರಿನಲ್ಲಿ ಬರೆದಿಡು’ ಎಂಬ ಅಪ್ಪಣೆ! ಸರದಿ ಮುಗಿಯುವವರೆಗೆ ಅದನ್ನೇ ಮಾಡಿದರೆ ಲೂಪ್. ಫ್ಯಾಟ್ ನೋಡಿ ದರ ಹಾಕಿದರೆ ‘ಇಫ್’. ಮರುದಿನ ಕಾಲೇಜಿಗೆ ಹೊರಟೆ.

ಅದಕ್ಕೇ ಗುರುಗಳಲ್ಲಿ ನನ್ನ ವಿನಂತಿ. ಮೊದಲು ಮಗುವಿಗೆ ಗೊತ್ತಿರುವ ಕೆಲಸ ತೋರಿಸಿ, ಆಮೇಲೆ ಅದರ ಹೆಸರು ಹೇಳಿ. ಪ್ರೋಗ್ರಾಂ ಓಡಿಸುವ ಮೊದಲು ಯಾವ ಸಾಲಿಗೆ ಯಾವ ಬೆಲೆ ಬರುತ್ತದೆಂದು ಕಾಗದದ ಮೇಲೆ ಬರೆಸಿ. ಉತ್ತರ ತಪ್ಪಿದರೆ ಬೈಯಬೇಡಿ; ಎಲ್ಲಿ ತಪ್ಪಿತೆಂದು ಹುಡುಕುವುದೇ ನಮ್ಮ ದಿನನಿತ್ಯದ ಕೆಲಸ. ಪೂರ್ತಿ ಪ್ರೋಗ್ರಾಂ ಬರೆಸುವ ಮೊದಲು, ಸರಿಯಾಗಿರುವ ಒಂದನ್ನು ಕೊಟ್ಟು ಒಂದು ಸಾಲು ಬದಲಿಸಲು ಹೇಳಿ.

ಕಂಪ್ಯೂಟರ್ ಇಲ್ಲವೆಂದು ನಿಲ್ಲಬೇಡಿ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಅದರಲ್ಲಿ ಆಮೆಗೆ ಅಪ್ಪಣೆ ಕೊಟ್ಟು ಚಿತ್ರ ಬರೆಸಬೇಕು. ತಿಳಿಯದಿದ್ದರೆ ಮಗು ತಾನೇ ಆಮೆಯಾಗಿ ನಡೆದು ನೋಡಬೇಕು. ಹತ್ತು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ. ಹೀಗೆ ನಾಲ್ಕು ಸಲ. ಚೌಕವಾಯಿತು! ಇದಕ್ಕೆ ನಮ್ಮ ಶಾಲೆಯ ಬಯಲು ಸಾಕು.

ಕೊನೆಯ ಮಾತು. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಮಗು ತನಗೆ ಬಂದ ಭಾಷೆಯಲ್ಲಿ ಸಂಶಯ ಕೇಳಲಿ. ಕೇಳಲು ಹೆದರಿ ನಾನು ನಪಾಸಾದೆ; ನಿಮಗೆ ಹಾಗಾಗಬಾರದು. ದೀಪಾವಳಿ ರಜೆಗೆ ಬಂದಾಗ ಎರಡು ದಿನ ಇಲ್ಲಿಯೇ ಕೂತು ಕಲಿಸುತ್ತೇನೆ. ಹುಡುಗರೆ, ಬರುವಾಗ ಡೇರಿಯ ಕಾರ್ಡು ತನ್ನಿ.